ಬೆಂಚಿನ ಮೇಲೆ ಕೂತು ಕಲಿತ ದೊರೆ

ನಮ್ಮ ಚರಿತ್ರೆ ಮೇಷ್ಟ್ರು ತೀರಿಕೊಂಡ ಸುದ್ದಿ ಈ ಸಲ ದಸರಾ ಮುಗಿದ ಮೇಲೆ ತಿಳಿಯಿತು. ತೊಂಬತ್ತು ದಾಟಿತ್ತು. ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ಅವರನ್ನು ಬಿಟ್ಟು ಬೇರೇನೂ ಹೊಳೆಯಲಿಲ್ಲ.

ನಾವು ಮಹಾರಾಜ ಕಾಲೇಜಿನಲ್ಲಿ ಬಿ.ಎ. ಓದುವಾಗ ಜಯಚಾಮರಾಜ ಒಡೆಯರು ತೀರಿಕೊಂಡು ಇನ್ನೂ ಜಾಸ್ತಿ ದಿನ ಆಗಿರಲಿಲ್ಲ. ರಾಜಮನೆತನಗಳಿಗೆ ಸರ್ಕಾರ ಕೊಡುತ್ತಿದ್ದ ರಾಜಧನ ಅದಕ್ಕೂ ಮೊದಲೇ, 1971ರಲ್ಲಿ ರದ್ದಾಗಿತ್ತು. ಪಠ್ಯದಲ್ಲಿ ಏನೇನಿತ್ತೋ ಈಗ ನೆನಪಿಲ್ಲ. ಯುರೋಪಿನ ಯಾವ್ಯಾವುದೋ ಒಪ್ಪಂದಗಳು, ಅವುಗಳ ಕಾರಣ, ಪರಿಣಾಮ. ಪರೀಕ್ಷೆಯ ಜೊತೆಗೇ ಎಲ್ಲ ಹೋಯಿತು. ಉಳಿದದ್ದು ಮೇಷ್ಟ್ರು ಪುಸ್ತಕ ಮುಚ್ಚಿಟ್ಟು ಹೇಳಿದ್ದು ಮಾತ್ರ.

ಎತ್ತರದ ಆಳು. ಕೋಟಿನ ಬಲಜೇಬಿನಲ್ಲಿ ಯಾವಾಗಲೂ ಸೀಮೆಸುಣ್ಣದ ತುಂಡುಗಳು. ಜೇಬಿನ ಬಾಯಿ ಬೆಳ್ಳಗಾಗಿರುತ್ತಿತ್ತು. ಒಂದು ದಿನ ಬಂದವರೇ ಬೋರ್ಡಿನ ಮೇಲೆ ಸಾಲಾಗಿ ಕೆಲವು ಚೌಕ ಬರೆದರು. ಎಲ್ಲವೂ ಒಂದೇ ಅಳತೆ. "ಇದರಲ್ಲಿ ಒಂದು ಚೌಕ ಮಹಾರಾಜರದ್ದು. ಯಾವುದು ಹೇಳಿ ನೋಡೋಣ" ಎಂದರು. ಯಾರಿಗೂ ಹೇಳಲಾಗಲಿಲ್ಲ. "ಹೇಳೋಕಾಗಬಾರದು, ಅದಕ್ಕೇ ಆ ಕ್ಲಾಸು ಮಾಡಿದ್ದು" ಎಂದು ನಕ್ಕರು.

ಹಾಗೆ ಶುರುವಾದದ್ದು ನಾಲ್ವಡಿ ಕೃಷ್ಣರಾಜ ಒಡೆಯರು ಓದಿದ ಕಥೆ. ಅವರು ಹುಟ್ಟಿದ್ದು 1884ರಲ್ಲಿ. ತಂದೆ ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರ್ ಕೊನೆಯಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡರು. ಮುಂದಿನ ಫೆಬ್ರವರಿ 1ಕ್ಕೆ ಹತ್ತು ವರ್ಷದ ಹುಡುಗನಿಗೆ ಪಟ್ಟ. ಆಡಳಿತ ನೋಡಿಕೊಂಡದ್ದು ತಾಯಿ, ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು. ಗಂಡನನ್ನು ಕಳೆದುಕೊಂಡ ಆ ತಾಯಿ ರಾಜ್ಯವನ್ನೂ ನೋಡಬೇಕು, ಮಗನನ್ನೂ ರಾಜನನ್ನಾಗಿ ಬೆಳೆಸಬೇಕು. ಇದನ್ನು ಹೇಳುವಾಗ ಮೇಷ್ಟ್ರ ದನಿ ಸ್ವಲ್ಪ ಇಳಿಯುತ್ತಿತ್ತು. ನಮ್ಮ ಪಠ್ಯಪುಸ್ತಕಗಳಲ್ಲಿ ಆ ತಾಯಿಗೆ ಸಿಗಬೇಕಾದಷ್ಟು ಜಾಗ ಇವತ್ತಿಗೂ ಸಿಕ್ಕಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಹುಡುಗನಿಗೆ ಓದಿಸಲು ಬಂದವರು ಸ್ಟುಅರ್ಟ್ ಫ್ರೇಸರ್ ಎಂಬ ಐ.ಸಿ.ಎಸ್. ಅಧಿಕಾರಿ. ಕನ್ನಡ, ಸಂಸ್ಕೃತ, ಇಂಗ್ಲಿಷ್, ಉರ್ದು, ಕುದುರೆ ಸವಾರಿ, ಸಂಗೀತ. ಆಮೇಲೆ ಕಾನೂನು, ಕಂದಾಯ. ಆದರೆ ಒಬ್ಬನನ್ನೇ ಕೂರಿಸಿ ಪಾಠ ಹೇಳಲಿಲ್ಲ. ಬೆರಳೆಣಿಕೆಯಷ್ಟು ಹುಡುಗರನ್ನು ಜೊತೆಗೆ ಸೇರಿಸಿ ಒಂದು ತರಗತಿ ಮಾಡಿದರು. ಅದರಲ್ಲಿ ಮಿರ್ಜಾ ಇಸ್ಮಾಯಿಲ್ ಎಂಬ ಹುಡುಗನೂ ಇದ್ದ. ಪರ್ಷಿಯಾದಿಂದ ಕುದುರೆ ತಂದು ಬೆಂಗಳೂರಿನಲ್ಲಿ ವ್ಯಾಪಾರ ಮಾಡುತ್ತಿದ್ದ ಅಲಿ ಅಸ್ಕರ್ ಅವರ ಮೊಮ್ಮಗ. ಅದೇ ಹುಡುಗ 1926ರಲ್ಲಿ ಮೈಸೂರಿನ ದಿವಾನರಾದರು. 1940ರಲ್ಲಿ ದೊರೆ ಕಣ್ಣು ಮುಚ್ಚುವವರೆಗೂ ಅವರೇ ದಿವಾನರು. "ಪಕ್ಕದಲ್ಲಿ ಕೂತು ಲೆಕ್ಕ ತಪ್ಪು ಮಾಡಿದ್ದನ್ನ ನೋಡಿದವನು ದೊಡ್ಡವನಾದ ಮೇಲೆ ಬರೀ ಹೊಗಳೋಕೆ ಆಗುತ್ತೇನ್ರಪ್ಪಾ? ನಿಜ ಹೇಳೋ ಒಬ್ಬ ಗೆಳೆಯ ಸಿಕ್ಕಿದ್ದು ಹಾಗೆ" ಎನ್ನುತ್ತಿದ್ದರು ಮೇಷ್ಟ್ರು.

ಇನ್ನು ನಮ್ಮ ತುಂಟಾಟ. ಕಾಲೇಜು ನಾಟಕಕ್ಕೆ ತಂದ ಜರಿಪೇಟ ಒಂದು ಹಾಸ್ಟೆಲಿನಲ್ಲೇ ಉಳಿದಿತ್ತು. ನಂಜನಗೂಡಿನ ಗೆಳೆಯನೊಬ್ಬನಿಗೆ ಅದನ್ನು ಸುತ್ತಿ, ಮೇಷ್ಟ್ರು ಬರುವ ಮುಂಚೆ ಅವರ ಕುರ್ಚಿಯಲ್ಲೇ ಕೂರಿಸಿದೆವು. ಅವರು ಬಾಗಿಲಿಗೆ ಬಂದ ತಕ್ಷಣ ನಾವೆಲ್ಲ ಎದ್ದು "ಬಹುಪರಾಕ್!" ಎಂದು ಕೂಗಿದೆವು. ಪಕ್ಕದ ಕ್ಲಾಸಿನವರೂ ಕಿಟಕಿಯಲ್ಲಿ ಇಣುಕಿದರು.

ಮೇಷ್ಟ್ರು ಬಾಗಿಲಲ್ಲೇ ನಿಂತರು. ಬೈಯಲಿಲ್ಲ. ಹಾಜರಿ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಕೈಮುಗಿದರು. "ಮಹಾಸ್ವಾಮಿ, ನಾನು ಫ್ರೇಸರ್. ಇವತ್ತಿನ ಪಾಠ ಶುರು ಮಾಡೋಣವೇ?" ಎಂದರು. ನಂಜನಗೂಡು ಎದ್ದೇಳಲು ಹೋದ. "ಕೂತಿರಬೇಕು" ಎಂದರು. ಆಮೇಲೆ ಒಂದೊಂದೇ ಪ್ರಶ್ನೆ. ಮಳೆ ಕೈಕೊಟ್ಟ ತಾಲ್ಲೂಕಿನಲ್ಲಿ ಕಂದಾಯ ಬಿಡಬೇಕೋ ಮುಂದೂಡಬೇಕೋ? ಬಿಟ್ಟರೆ ಶಾಲೆಗೆ ದುಡ್ಡು ಎಲ್ಲಿಂದ? ಕೆರೆ ಏರಿ ಒಡೆದಿದೆ, ಮೊದಲು ಯಾರನ್ನು ಕಳಿಸುತ್ತೀರಿ? ಉರ್ದುವಿನಲ್ಲಿ ಅರ್ಜಿ ಬಂದಿದೆ, ಓದಿ ಹೇಳಬೇಕು ಸ್ವಾಮಿ. ಪೇಟದ ಕೆಳಗಿನಿಂದ ಬೆವರು ಇಳಿದು ನಂಜನಗೂಡಿನ ಕಿವಿಯ ಹತ್ತಿರ ಗೆರೆ ಮೂಡಿತು. ಅವನಿಗೆ ಗೊತ್ತಿಲ್ಲದ ಉತ್ತರಕ್ಕೆ ನಮ್ಮ ಕಡೆ ತಿರುಗುತ್ತಿದ್ದರು. ನಮಗೂ ಗೊತ್ತಿರಲಿಲ್ಲ. ಕೆರೆಯ ಪ್ರಶ್ನೆಗೆ ಮಾತ್ರ ನಾನು ಉತ್ತರ ಹೇಳಿದೆ. ಊರಿನಲ್ಲಿ ಏರಿ ಒಡೆದದ್ದನ್ನು ನೋಡಿದ್ದವನು ನಾನು. "ಇವನು ನೋಡಿ ಹೇಳ್ತಿದ್ದಾನೆ, ಓದಿ ಅಲ್ಲ" ಎಂದು ಮೇಷ್ಟ್ರು ಎಲ್ಲರೆದುರು ಮೆಚ್ಚಿಕೊಂಡರು. ಆ ಮಾತು ಇವತ್ತಿಗೂ ನನ್ನ ಹತ್ತಿರ ಇದೆ.

ಗಂಟೆ ಹೊಡೆಯುವ ಹೊತ್ತಿಗೆ ಅವನ ತಲೆಯಿಂದ ಪೇಟ ತಾವೇ ತೆಗೆದರು. "ಹೋಗಪ್ಪಾ, ಬೆಂಚಿನ ಮೇಲೆ ಕೂತ್ಕೋ. ಅವರೂ ಬೆಂಚಿನ ಮೇಲೇ ಕೂತು ಕಲಿತದ್ದು."

ನಮ್ಮಲ್ಲೊಬ್ಬ ಎದ್ದು, ಈಗ ರಾಜರೇ ಇಲ್ಲವಲ್ಲ ಸಾರ್, ಇದೆಲ್ಲ ಯಾಕೆ ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ಮೇಷ್ಟ್ರು, "ರಾಜರಿಲ್ಲ, ಸರಿ. ಆಳೋರು ಇರ್ತಾರಲ್ಲ? ಒಬ್ಬ ಹುಡುಗನನ್ನ ತಯಾರು ಮಾಡೋಕೆ ಅಷ್ಟು ವರ್ಷ ತಗೊಂಡ್ರು. ಈಗ ಆಳಬೇಕಾದೋರು ನೀವು. ನಿಮ್ಮನ್ನ ತಯಾರು ಮಾಡೋರು ಯಾರು?" ಎಂದರು.

ಆ ವಾರವೇ ನಮ್ಮನ್ನು ಮೃಗಾಲಯದ ಹತ್ತಿರದ ಲೋಕರಂಜನ್ ಮಹಲಿಗೆ ನಡೆಸಿಕೊಂಡು ಹೋದರು. ಅರಮನೆ ಮಕ್ಕಳು ಓದಿದ ಕಟ್ಟಡ. ಒಳಗೆ ಹೋಗಲಿಲ್ಲ. ಹೊರಗೆ ಮರದ ನೆರಳಲ್ಲಿ ನಿಂತೇ ಪಾಠ. ದೊಡ್ಡ ಅರಮನೆ 1897ರಲ್ಲಿ ಅಕ್ಕನ ಮದುವೆಯ ಸಮಯದಲ್ಲೇ ಸುಟ್ಟುಹೋದದ್ದು, ಹುಡುಗ ಅದನ್ನೂ ಕಂಡು ಬೆಳೆದದ್ದು. ಅಧಿಕಾರ ಕೈಗೆ ಬರುವ ಮೊದಲು ಫ್ರೇಸರ್ ಜೊತೆ ಸಂಸ್ಥಾನ ಸುತ್ತಿದ್ದು. 1902ರ ಆಗಸ್ಟ್ 8ರಂದು ಜಗನ್ಮೋಹನ ಅರಮನೆಯಲ್ಲಿ ಲಾರ್ಡ್ ಕರ್ಜನ್ ಅಧಿಕಾರ ವಹಿಸಿಕೊಟ್ಟದ್ದು. ಆಗ ಹದಿನೆಂಟು ವರ್ಷ, ಅಂದರೆ ಹೆಚ್ಚುಕಡಿಮೆ ನಮ್ಮದೇ ವಯಸ್ಸು. ಕನ್ನಂಬಾಡಿ ಕಟ್ಟೆ, ವಿಶ್ವವಿದ್ಯಾನಿಲಯ ಎಲ್ಲ ಆಮೇಲಿನದ್ದು. ಮೇಷ್ಟ್ರಿಗೆ ಅವುಗಳಿಗಿಂತ ಆ ಹುಡುಗನ ಓದಿನ ಮೇಲೇ ಪ್ರೀತಿ ಜಾಸ್ತಿ.

ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ. ತಮ್ಮನ ಮಗ ಜಯಚಾಮರಾಜರನ್ನು ಓದಿಸಿದ್ದು ನಮ್ಮದೇ ಕಾಲೇಜಿನಲ್ಲಿ. 1938ರಲ್ಲಿ ಅವರ ಬಿ.ಎ. ಆಯಿತು. 1940ರ ಮಾರ್ಚಿನಲ್ಲಿ ತಂದೆ, ಆಗಸ್ಟಿನಲ್ಲಿ ದೊಡ್ಡಪ್ಪ ಹೋದರು. ಇಪ್ಪತ್ತೊಂದಕ್ಕೇ ಸಿಂಹಾಸನ. ಮುಂದೆ ಅವರು ರಚಿಸಿದ 94 ಕೃತಿಗಳನ್ನು ಸಂಗೀತಗಾರರು ಈಗಲೂ ಹಾಡುತ್ತಾರೆ. ಪಾಠದ ನಡುವೆ ಮೇಷ್ಟ್ರು ಕಾರಿಡಾರಿನ ಕಡೆ ಕೈ ತೋರಿಸಿ, "ಅವರೂ ಇಲ್ಲೇ ಓಡಾಡಿದ್ದು ಕಣ್ರಯ್ಯಾ" ಎನ್ನುತ್ತಿದ್ದರು. ನಾವು ತಿರುಗಿ ನೋಡುತ್ತಿದ್ದೆವು.

ನಾನು ಮುಂದೆ ಕಂದಾಯ ಇಲಾಖೆ ಸೇರಿ ತಹಶೀಲ್ದಾರನಾದೆ. ಕಡತ ತರಿಸಿಕೊಂಡು ಬರಗಾಲದ ವರದಿ ಬರೆದವನಲ್ಲ ನಾನು. ನನ್ನ ತಾಲ್ಲೂಕಿನ ಒಣಗಿದ ಹೊಲಗಳಲ್ಲಿ ನಡೆದಿದ್ದೇನೆ, ಕೆರೆ ಏರಿಯ ಮೇಲೆ ಕೂತು ರೈತರ ಮಾತು ಕೇಳಿದ್ದೇನೆ. ಜನ ನನ್ನನ್ನು ಇನ್ನೂ ನೆನೆಯುತ್ತಾರೆ ಎಂದು ಕೇಳಿದಾಗ ಸಂತೋಷವಾಗುತ್ತದೆ. ಅದರ ಬೇರು ಆ ತರಗತಿಯಲ್ಲಿದೆ.

ನನ್ನ ಮೊಮ್ಮಗ ಓದುವ ಶಾಲೆಯಲ್ಲಿ ಈಜುಕೊಳ ಇದೆ, ಕುದುರೆ ಸವಾರಿಯೂ ಇದೆ. ಅರಸು ಮಕ್ಕಳಿಗೆ ಇದ್ದದ್ದೆಲ್ಲ ಇದೆ. ಆದರೆ ತರಗತಿಯಲ್ಲಿರುವ ಎಲ್ಲರೂ ಅಷ್ಟೇ ಫೀಸು ಕಟ್ಟುವ ಮನೆಯವರು. ರಾಗಿ ಹೊಲ ಯಾವುದು, ಹುರುಳಿ ಹೊಲ ಯಾವುದು ಎಂದು ಆ ಮಕ್ಕಳನ್ನು ಯಾರೂ ಕರೆದುಕೊಂಡು ಹೋಗಿ ತೋರಿಸಿಲ್ಲ. ಟೀಚರುಗಳನ್ನು ದೂರುವುದಿಲ್ಲ. ಪೋರ್ಷನ್ ಮುಗಿಸುವುದರಲ್ಲೇ ಅವರ ವರ್ಷ ಕಳೆದುಹೋಗುತ್ತದೆ, ಪಾಪ. ನಮ್ಮ ಮೇಷ್ಟ್ರಿಗೆ ಪುಸ್ತಕ ಮುಚ್ಚಿಡುವ ಸ್ವಾತಂತ್ರ್ಯ ಇತ್ತು.

ಹಳೆಯ ಗೆಳೆಯರೆಲ್ಲ ಸೇರಿ ಮೇಷ್ಟ್ರ ಮನೆಗೆ ಹೋಗಿದ್ದೆವು. ಅವರ ಟಿಪ್ಪಣಿ ಪುಸ್ತಕಗಳನ್ನು ಮಗಳು ಜೋಪಾನವಾಗಿ ಇಟ್ಟಿದ್ದಾರೆ. ಕಾಲೇಜಿನ ಲೈಬ್ರರಿಗೆ ಕೊಡಲು ಒಪ್ಪಿದ್ದಾರೆ. ಬೈಂಡು ಮಾಡಿಸುವ ಖರ್ಚು ನಮ್ಮದು. ಚರಿತ್ರೆ ವಿಭಾಗದವರು ಒಂದು ದಿನ ಗೊತ್ತುಮಾಡಿದರೆ, ಈಗಿನ ವಿದ್ಯಾರ್ಥಿಗಳನ್ನು ಲೋಕರಂಜನ್ ಮಹಲಿನವರೆಗೆ ನಡೆಸಿಕೊಂಡು ಹೋಗಲು ನಾನೂ ನಂಜನಗೂಡೂ ತಯಾರಿದ್ದೇವೆ. ಬೆಳಿಗ್ಗೆ ಬಿಸಿಲೇರುವ ಮುಂಚೆ ಹೊರಟರೆ ಒಳ್ಳೆಯದು.