ಚಪ್ಪಲಿ ಕಳಚಿದ್ದು ತಿಳಿಯದ ಪಾದ

ನೀರ್ಚಾಲು, ಕಾಸರಗೋಡು (ಕೇರಳ)
2025 ಜುಲೈ 27, ಭಾನುವಾರ

ಬೆಳಗಿನಿಂದ ಮಳೆ ಬಿಟ್ಟಿಲ್ಲ. ಅಂಗಳದ ಕೆಂಪು ನೀರು ತೋಟದ ಕಣಿಗೆ ಧುಮುಕುವ ಸದ್ದು ಜಗಲಿಯವರೆಗೂ ಕೇಳುತ್ತಿದೆ. ಅಡಿಕೆಗೆ ಎರಡನೆಯ ಸಲ ಮದ್ದು ಬಿಡಬೇಕು, ಎರಡು ದಿನವಾದರೂ ಬಿಸಿಲು ಬರಲಿ ಎಂದು ಯಜಮಾನರು ಆಕಾಶ ನೋಡುತ್ತಾ ಕುಳಿತಿದ್ದಾರೆ.

ಮೊನ್ನೆ ಗುರುವಾರ ಆಟಿ ಅಮಾವಾಸ್ಯೆ. ಬೆಳಕು ಹರಿಯುವ ಮೊದಲೇ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ಕಷಾಯ ಮಾಡಿ ಕುಡಿದು, ಮೇಲೆ ಮೆಂತೆ ಗಂಜಿ ಉಂಡೆವು. ಪಕ್ಕದ ಮನೆಯ ಅಕ್ಕನೂ ಬಂದಿದ್ದರು. ಲೋಟ ಕೆಳಗಿಟ್ಟು, "ಟೀಚರೇ, ರಾತ್ರಿಯಾದರೆ ನನ್ನ ಅಂಗಾಲು ಕೆಂಡದ ಮೇಲೆ ಇಟ್ಟ ಹಾಗೆ ಉರಿಯುತ್ತದೆ. ನಿಮ್ಮ ತಮ್ಮನ ಮಗ ತಂದ ಮಾತ್ರೆ ಉಳಿದಿದ್ದರೆ ನನಗೆ ನಾಲ್ಕು ಕೊಡಿ" ಎಂದರು. ನಾನು ಕೊಡಲಿಲ್ಲ. ಏಕೆ ಕೊಡಲಿಲ್ಲ ಎಂಬುದನ್ನು ಬರೆದಿಡುತ್ತೇನೆ ಎಂದು ಅವರಿಗೆ ಮಾತು ಕೊಟ್ಟಿದ್ದೆ. ಇವತ್ತು ಆ ಮಾತು ನಡೆಸುತ್ತಿದ್ದೇನೆ.

ನನಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದದ್ದು 2013ರಲ್ಲಿ. ಅಂದಿನಿಂದ ಮೆಟ್‌ಫಾರ್ಮಿನ್ ನುಂಗುತ್ತಿದ್ದೇನೆ. ಎರಡು ವರ್ಷದ ಹಿಂದೆ ಕಾಲಿನ ಬೆರಳುಗಳಲ್ಲಿ ಜೋಮು ಶುರುವಾಯಿತು. ಮೊದಲು ಇರುವೆ ಹರಿದಂತೆ. ಆಮೇಲೆ ಸೂಜಿ ಚುಚ್ಚಿದಂತೆ. ಕೊನೆಗೆ ಹೊದಿಕೆಯ ಅಂಚು ತಾಗಿದರೂ ಬೆಂಕಿ ತಾಗಿದಂತೆ. ಹಗಲು ಕೆಲಸದ ನಡುವೆ ಮರೆತುಹೋಗುತ್ತಿತ್ತು. ರಾತ್ರಿ ಹತ್ತರ ಮೇಲೆ ಎಬ್ಬಿಸಿ ಕೂರಿಸುತ್ತಿತ್ತು. ಎಷ್ಟೋ ರಾತ್ರಿ ಬಚ್ಚಲಿಗೆ ಹೋಗಿ ತಣ್ಣೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕುಳಿತಿದ್ದೇನೆ.

ಕಳೆದ ವರ್ಷ ಓಣಂ ರಜೆಗೆ ಶಾರ್ಜಾದಿಂದ ಬಂದ ತಮ್ಮನ ಮಗ, "ಅತ್ತೆ, ಅಲ್ಲಿ ಎಲ್ಲರೂ ಇದನ್ನೇ ತೆಗೆದುಕೊಳ್ಳುತ್ತಾರೆ" ಎಂದು ದೊಡ್ಡದೊಂದು ಬಾಟಲಿ ಕೈಗಿಟ್ಟ. ನರಗಳ ಪೋಷಣೆಗೆ ಎಂದು ಅದರ ಮೇಲೆ ಬರೆದಿತ್ತು. ಅವನ ಪ್ರೀತಿಯ ಬಗ್ಗೆ ನನಗೆ ಎಳ್ಳಷ್ಟೂ ಸಂಶಯವಿಲ್ಲ. ದಿನಕ್ಕೆ ಎರಡರಂತೆ ನುಂಗಿದೆ. ಅದರ ಜೊತೆಗೆ ಪೇಟೆಯ ಮದ್ದಿನ ಅಂಗಡಿಯಲ್ಲಿ ಕಾಲುರಿ ಎಂದಾಗ ಕೊಟ್ಟ ಬಿ ಕಾಂಪ್ಲೆಕ್ಸ್ ಮಾತ್ರೆಯನ್ನೂ ಎರಡು ಹೊತ್ತು ನುಂಗುತ್ತಿದ್ದೆ. ಬೇರೆ ಏನು ತೆಗೆದುಕೊಳ್ಳುತ್ತಿದ್ದೀರಿ ಎಂದು ಅಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಜನವರಿಯ ಒಂದು ಮಧ್ಯಾಹ್ನ ಬದಿಯಡ್ಕದ ಬಸ್ ನಿಲ್ದಾಣದಲ್ಲಿ ಕುಂಬಳೆಯ ಬಸ್ ಹತ್ತಿದೆ. ಸೀಟಿನಲ್ಲಿ ಕುಳಿತ ಮೇಲೆ ಎದುರಿನ ಹುಡುಗಿ, "ಟೀಚರ್, ನಿಮ್ಮ ಒಂದು ಚಪ್ಪಲಿ ಎಲ್ಲಿ?" ಎಂದಳು. ಕೆಳಗೆ ನೋಡಿದೆ. ಬಲಗಾಲು ಬರಿಗಾಲು. ಚಪ್ಪಲಿ ಎಲ್ಲಿ ಕಳಚಿತು, ಕಾದ ಡಾಂಬರಿನ ಮೇಲೆ ಎಷ್ಟು ಹೆಜ್ಜೆ ಇಟ್ಟೆ, ಒಂದೂ ನನ್ನ ಅರಿವಿಗೆ ಬಂದಿರಲಿಲ್ಲ. ಮನೆಗೆ ಬಂದು ನೋಡಿದರೆ ಹೆಬ್ಬೆರಳಿನ ಬುಡದಲ್ಲಿ ಗುಳ್ಳೆ ಎದ್ದಿತ್ತು. ಉರಿಯುವ ಕಾಲಿಗೆ ಸುಟ್ಟದ್ದು ಗೊತ್ತಾಗಲಿಲ್ಲ! ಆ ಸಂಜೆ ನನಗಾದ ಹೆದರಿಕೆ ಅಷ್ಟು ದಿನದ ನೋವಿನಿಂದಲೂ ಆಗಿರಲಿಲ್ಲ.

ಮರುವಾರ ಮಂಗಳೂರಿಗೆ ಹೋದೆವು. ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನನ್ನು ಕಣ್ಣು ಮುಚ್ಚಲು ಹೇಳಿ ನೈಲಾನ್ ಎಳೆಯೊಂದನ್ನು ಅಂಗಾಲಿನ ಬೇರೆ ಬೇರೆ ಕಡೆ ಒತ್ತಿದರು. ಅದು ಬಾಗುವಷ್ಟು ಒತ್ತಿದರೆ ಸರಿಯಾಗಿ ಹತ್ತು ಗ್ರಾಂ ಭಾರ ಬೀಳುತ್ತದಂತೆ. ತಾಗಿದಾಗ ಹೇಳಬೇಕು. ನಾನು ಸುಮ್ಮನೆ ಕಾದಿದ್ದೆ, ಇನ್ನೂ ಪರೀಕ್ಷೆ ಶುರುವಾಗಿಲ್ಲ ಎಂದುಕೊಂಡು. ಅವರು ಅಷ್ಟರಲ್ಲಿ ಆರು ಕಡೆ ಒತ್ತಿ ಮುಗಿಸಿದ್ದರು. ಬಳಿಕ ಕಂಪಿಸುವ ಶ್ರುತಿಕವಲನ್ನು ಹೆಬ್ಬೆರಳಿನ ಗೆಣ್ಣಿಗೆ ಇಟ್ಟರು. ಅದೂ ತಿಳಿಯಲಿಲ್ಲ. ಸೊಂಟದಿಂದ ಹೊರಟು ಬೆರಳ ತುದಿ ಮುಟ್ಟುವ ನರಗಳೇ ದೇಹದಲ್ಲಿ ಎಲ್ಲಕ್ಕಿಂತ ಉದ್ದ, ಹಾಗಾಗಿ ಮೊದಲು ಸೊರಗುವುದು ಅವುಗಳ ತುದಿಯೇ ಎಂದು ವಿವರಿಸಿದರು.

"ನೀವು ನುಂಗುವುದನ್ನೆಲ್ಲ ಮೇಜಿನ ಮೇಲೆ ಇಡಿ, ಅಮ್ಮ" ಎಂದರು. ಇಟ್ಟೆ. ಬಾಟಲಿಯ ಸಣ್ಣಕ್ಷರ ಓದಿ ಕಾಗದದ ಮೇಲೆ ಲೆಕ್ಕ ಹಾಕಿದರು. ಬಾಟಲಿಯ ಒಂದು ಗುಳಿಗೆಯಲ್ಲಿ ಬಿ6 ಜೀವಸತ್ವ 50 ಮಿಲಿಗ್ರಾಂ, ದಿನಕ್ಕೆ ಎರಡು. ಅಂಗಡಿಯ ಮಾತ್ರೆಯಲ್ಲಿ 10, ಅದೂ ಎರಡು. ಒಟ್ಟು 120. ದೇಹಕ್ಕೆ ದಿನಕ್ಕೆ ಬೇಕಾದದ್ದು ಎರಡು ಮಿಲಿಗ್ರಾಂ ಕೂಡ ಅಲ್ಲ. ಅಮೆರಿಕದವರು ದಿನಕ್ಕೆ 100 ದಾಟಬಾರದು ಎನ್ನುತ್ತಾರೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಆ ಮಿತಿಯನ್ನು 12ಕ್ಕೆ ಇಳಿಸಿದೆ. ಏಕೆಂದರೆ ಬಿ6 ಅತಿಯಾದರೆ ಅದೇ ನರಗಳನ್ನು ಕೆಡಿಸುತ್ತದೆ. ದಿನಕ್ಕೆ ಗ್ರಾಂಗಟ್ಟಲೆ ನುಂಗಿದವರು ನೆಟ್ಟಗೆ ನಡೆಯಲಾರದ ಸ್ಥಿತಿಗೆ ಬಂದದ್ದನ್ನು ವೈದ್ಯರು 1983ರಲ್ಲೇ ವರದಿ ಮಾಡಿದ್ದಾರೆ. ಕಾಲುರಿಗೆಂದು ನುಂಗಿದ್ದು ಕಾಲುರಿಯನ್ನೇ ತರಬಲ್ಲದು. ಇದನ್ನು ಬಾಟಲಿಯ ಮೇಲೆ ದೊಡ್ಡ ಅಕ್ಷರದಲ್ಲಿ ಏಕೆ ಬರೆಯುವುದಿಲ್ಲ? ಈ ಸಿಟ್ಟು ನನಗೆ ಇನ್ನೂ ಆರಿಲ್ಲ.

ರಕ್ತ ಪರೀಕ್ಷೆಯಲ್ಲಿ ಇನ್ನೆರಡು ಸಂಗತಿ ತಿಳಿದವು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 8.4 ಇತ್ತು, ಇರಬೇಕಾದದ್ದಕ್ಕಿಂತ ಹೆಚ್ಚು. ಬಿ12 ಜೀವಸತ್ವ 138 ಇತ್ತು. ಸಾಮಾನ್ಯವಾಗಿ 200ಕ್ಕಿಂತ ಕೆಳಗಿದ್ದರೆ ಕೊರತೆ ಎನ್ನುತ್ತಾರೆ. ಬಾಟಲಿಯಲ್ಲಿ ಬಿ12 ಇತ್ತು, ಆದರೆ ನನ್ನ ಕೊರತೆ ತುಂಬಲು ಅಷ್ಟು ಸಾಲದು. ಮೆಟ್‌ಫಾರ್ಮಿನ್ ಬಹುಕಾಲ ತೆಗೆದುಕೊಂಡವರಲ್ಲಿ ಕರುಳು ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಅಂಥವರಿಗೆ ಆಗಾಗ ಅದರ ಮಟ್ಟ ನೋಡಬೇಕೆಂದು ಅಮೆರಿಕದ ಮಧುಮೇಹ ಸಂಘ ಹೇಳುತ್ತದೆ. ಹನ್ನೊಂದು ವರ್ಷದಲ್ಲಿ ನನಗೆ ಯಾರೂ ಈ ಪರೀಕ್ಷೆ ಬರೆದುಕೊಟ್ಟಿರಲಿಲ್ಲ.

ಜೊತೆಗೆ ನಮ್ಮದು ಸಸ್ಯಾಹಾರದ ಮನೆ. ಸಕ್ಕರೆ ಕಾಯಿಲೆ ಎಂದ ಮೇಲೆ ಹಾಲು ಹಾಕಿದ ಕಾಫಿ ಬಿಟ್ಟೆ, ಮೊಸರು ಬಿಟ್ಟೆ, ನೀರುಮಜ್ಜಿಗೆಗೆ ಇಳಿದೆ. ಬಿ12 ತಯಾರಾಗುವುದು ಸೂಕ್ಷ್ಮಜೀವಿಗಳಿಂದ ಮಾತ್ರ. ನಮಗೆ ಅದು ಸಿಗುವುದು ಹಾಲು, ಮೊಟ್ಟೆ, ಮೀನು, ಮಾಂಸದ ಮೂಲಕ. ನುಗ್ಗೆ ಸೊಪ್ಪಿನಲ್ಲೂ ಇಲ್ಲ, ಒಂದೆಲಗದಲ್ಲೂ ಇಲ್ಲ. ಒಂದೆಲಗದ ತಂಬುಳಿ ಇಲ್ಲದೆ ನನಗೆ ಊಟ ರುಚಿಸುವುದಿಲ್ಲ. ಈಗಲೂ ಉಣ್ಣುತ್ತೇನೆ, ಆದರೆ ನರಕ್ಕೆ ಮದ್ದು ಎಂದು ಉಣ್ಣುವುದಿಲ್ಲ. ಪಕ್ಕದ ಮನೆಯ ಅಕ್ಕ ದಿನವೂ ಮೀನು ತಿನ್ನುವವರು, ಆದರೆ ಅವರೂ ಹದಿನೈದು ವರ್ಷದಿಂದ ಅದೇ ಮೆಟ್‌ಫಾರ್ಮಿನ್ ನುಂಗುತ್ತಿದ್ದಾರೆ. ಅವರ ರಕ್ತ ನೋಡದೆ ಅವರಿಗೆ ಏನು ಕಡಿಮೆ ಎಂದು ನಾನು ಹೇಗೆ ಹೇಳಲಿ?

ನರಗಳಿಗೆ ಬೇಕಾದ ಇನ್ನೊಂದು ಜೀವಸತ್ವ ಬಿ1ರ ವಿಷಯ ನೆನೆದರೆ ಮಾತ್ರ ನಮ್ಮ ಕುಚ್ಚಲಕ್ಕಿಗೆ ಕೈಮುಗಿಯಬೇಕು ಅನಿಸುತ್ತದೆ. ಬಿಳಿಯಾಗಿ ಪಾಲಿಶ್ ಮಾಡಿದ ಅಕ್ಕಿಯನ್ನೇ ತಿಂದ ಕೋಳಿಗಳ ಕಾಲು ಸೋತದ್ದನ್ನು ಜಾವಾ ದ್ವೀಪದಲ್ಲಿ ಗಮನಿಸಿದವರು ಕ್ರಿಸ್ಟಿಯಾನ್ ಐಕ್‌ಮನ್; ಬಿ1 ಕೊರತೆಯಿಂದ ಬರುವ ಬೆರಿಬೆರಿ ಎಂಬ ನರರೋಗದ ಗುಟ್ಟು ಬಯಲಾದದ್ದು ಅಲ್ಲಿಂದ. 1929ರಲ್ಲಿ ಅವರಿಗೆ ನೊಬೆಲ್ ಬಂತು. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನಲ್ಲಿರುವ ಬಿ1ರ ಒಂದು ಪಾಲು ಕಾಳಿನ ಒಳಕ್ಕೆ ಇಳಿಯುತ್ತದೆ. ನಮ್ಮ ಅಜ್ಜಿಯಂದಿರು ಆ ಹೆಸರು ಕೇಳದೆಯೂ ಅದನ್ನು ನಮಗೆ ಉಣ್ಣಿಸಿದರು.

ಬಾಟಲಿ ನಿಂತಿತು. ಬಿ12 ಚುಚ್ಚುಮದ್ದು ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಈಗ ದಿನಕ್ಕೊಂದು ಮಾತ್ರೆ. ಸಿರಿಂಜಿನೊಳಗೆ ಆ ಔಷಧ ದಾಸವಾಳ ಹಿಂಡಿದ ನೀರಿನಷ್ಟು ಕೆಂಪು. ಅದರ ಅಣುವಿನ ನಡುವೆ ಕೋಬಾಲ್ಟ್ ಲೋಹದ ಒಂದು ಪರಮಾಣು ಕುಳಿತಿದೆ. ಅದರ ರಚನೆಯನ್ನು ಎಕ್ಸ್‌ರೇ ಹಾಯಿಸಿ ಬಿಡಿಸಿದ ಡೊರೊಥಿ ಹಾಡ್ಜ್‌ಕಿನ್‌ಗೆ 1964ರಲ್ಲಿ ನೊಬೆಲ್ ಬಂತು. ಚುಚ್ಚಿಸಿಕೊಳ್ಳುವಾಗಲೆಲ್ಲ ಆ ತಾಯಿಯನ್ನು ನೆನೆದಿದ್ದೇನೆ.

ಬಾಟಲಿಯಲ್ಲಿ ಜೀವಸತ್ವಗಳ ಜೊತೆಗೆ ನರದ ಉರಿಗೆಂದು ಇದ್ದ ಆಲ್ಫಾ ಲಿಪೊಯಿಕ್ ಆಮ್ಲದ ಬಗ್ಗೆ ಕೇಳಿದೆ. ಜರ್ಮನಿಯಲ್ಲಿ ದಶಕಗಳಿಂದ ಕೊಡುತ್ತಾರೆ, 2006ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ದಿನಕ್ಕೆ 600 ಮಿಲಿಗ್ರಾಂನಂತೆ ಐದು ವಾರ ತೆಗೆದುಕೊಂಡವರ ಉರಿ ತಗ್ಗಿತ್ತು, ಅದಕ್ಕಿಂತ ಹೆಚ್ಚು ತೆಗೆದುಕೊಂಡವರಿಗೆ ಹೆಚ್ಚಿದ್ದು ವಾಕರಿಕೆಯೇ ಎಂದರು ಡಾಕ್ಟರ್. ಆದರೆ ಆರು ತಿಂಗಳು ದಾಟಿದ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿದ ಕೊಕ್ರೇನ್ ಎಂಬ ಸಂಶೋಧಕರ ಬಳಗದ 2024ರ ವಿಮರ್ಶೆಯಲ್ಲಿ ಹೇಳಿಕೊಳ್ಳುವಂಥ ಲಾಭ ಕಂಡಿಲ್ಲವಂತೆ. "ಆ ದುಡ್ಡಿನಲ್ಲಿ ಒಳ್ಳೆಯ ಚಪ್ಪಲಿ ಕೊಳ್ಳಿ ಅಮ್ಮ" ಎಂದರು.

ಆರು ತಿಂಗಳಾಗುತ್ತಾ ಬಂತು. ಎಚ್‌ಬಿಎ1ಸಿ 7.1ಕ್ಕೆ ಇಳಿದಿದೆ. ರಾತ್ರಿಯ ಉರಿ ಅರ್ಧಕ್ಕರ್ಧ ಕಡಿಮೆ. ಬಕೆಟ್ಟಿನ ಬಳಿ ಹೋಗದೆ ಎರಡು ತಿಂಗಳಾಯಿತು. ಬಿ12ರಿಂದಲೋ, ಸಕ್ಕರೆ ಇಳಿದದ್ದರಿಂದಲೋ, ಬಿ6 ನಿಂತದ್ದರಿಂದಲೋ, ಬಿಡಿಸಿ ಹೇಳಲಾಗದು ಎಂದು ಡಾಕ್ಟರ್ ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಆದರೆ ಹೆಬ್ಬೆರಳುಗಳ ಮರವು ಹಾಗೆಯೇ ಇದೆ. ಅದು ಪೂರ್ತಿ ಮರಳದೆಯೂ ಇರಬಹುದು ಎಂದಿದ್ದಾರೆ. ಎರಡು ವರ್ಷ ಮೊದಲೇ ಆ ಒಂದು ರಕ್ತ ಪರೀಕ್ಷೆ ಆಗಿದ್ದರೆ ಎಂದು ಮನಸ್ಸು ಕೊರಗುತ್ತದೆ.

ಇಲ್ಲಿ ನಮಗೆ ಸಿಗುವ ಮಾಹಿತಿ ಹಾಳೆ ಮಲಯಾಳದಲ್ಲಿ, ಬಾಟಲಿಯ ಬರಹ ಇಂಗ್ಲಿಷಿನಲ್ಲಿ. ಕನ್ನಡ ಮಾತ್ರ ಓದಬಲ್ಲ ನನ್ನ ವಯಸ್ಸಿನ ಹೆಂಗಸರು ಈ ಊರಿನಲ್ಲಿ ಎಷ್ಟೊಂದು ಮಂದಿ! ಅವರಿಗಾಗಿ ಇಷ್ಟು ಉದ್ದ ಬರೆದೆ. ನಾಳೆ ಅಕ್ಕನ ಮನೆಗೆ ಹೋಗಿ ಓದಿ ಹೇಳುತ್ತೇನೆ. ಬುಧವಾರ ಅವರನ್ನು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗುವುದೆಂದು ಯಜಮಾನರ ಬಳಿ ಹೇಳಿಟ್ಟಿದ್ದೇನೆ.

ಈಗ ರಾತ್ರಿ ಒಂಬತ್ತು. ಕಾಲು ತೊಳೆದು, ಬೆರಳ ಸಂದುಗಳನ್ನು ಒರೆಸಿ, ಕನ್ನಡಿಯನ್ನು ನೆಲದ ಮೇಲಿಟ್ಟು ಅಂಗಾಲು ನೋಡಿಕೊಂಡೆ. ಯಜಮಾನರು ಟಾರ್ಚ್ ಹಿಡಿದರು. ಗಾಯವಿಲ್ಲ. ಆಗಲೇ ಶಾರ್ಜಾದಿಂದ ಫೋನ್ ಬಂತು: "ಅತ್ತೆ, ಈ ಸಲ ಎರಡು ಬಾಟಲಿ ತರಲೇ?" ಬೇಡ ಮಗನೇ, ಹಿಮ್ಮಡಿಗೆ ಪಟ್ಟಿ ಇರುವ, ಅಡಿ ಮೆತ್ತಗಿರುವ ಚಪ್ಪಲಿ ಸಿಕ್ಕರೆ ಒಂದು ಜೊತೆ ತಾ ಎಂದೆ. ಅಳತೆ ಏಳು.