ಮಾವನ ಕಾರಿನ ಹೆಡ್‌ಲೈಟು

ಸಂಕ್ರಾಂತಿಗೆಂದು ಭೀಮಸಮುದ್ರಕ್ಕೆ ಹೋಗಿದ್ದಾಗ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು, ಮಾವನಿಗೆ ಕೇಳಿಸದ ಹಾಗೆ ಒಂದು ಸಂಗತಿ ಹೇಳಿದರು. ಎರಡು ತಿಂಗಳಿಂದ ಮಾವ ಸಂಜೆಯಾದ ಮೇಲೆ ಕಾರು ತೆಗೆಯುತ್ತಿಲ್ಲ. ಚಿತ್ರದುರ್ಗಕ್ಕೆ ಹೋದರೂ ಕೆಲಸ ಅರ್ಧಕ್ಕೆ ಬಿಟ್ಟು ಹೊತ್ತು ಮುಳುಗುವುದರೊಳಗೆ ಮನೆ ಸೇರುತ್ತಾರೆ. ಏಕೆಂದು ಕೇಳಿದರೆ, "ಕಣ್ಣು ಮಂಜಾಗ್ಯಾವೆ, ವಯಸ್ಸಾಯ್ತಲ್ಲ" ಎಂದು ಮಾತು ಮುಗಿಸಿಬಿಡುತ್ತಾರೆ. ಮಾವನಿಗೆ ಈಗ ಅರವತ್ತನಾಲ್ಕು. ಅಡಿಕೆ ತೋಟ, ಅಡಿಕೆ ಮಂಡಿ ಎಂದು ಜೀವಮಾನವೆಲ್ಲ ಓಡಾಡಿದ ಮನುಷ್ಯ ಹೀಗೆ ಒಂದೇ ಸಲಕ್ಕೆ ಕೈಚೆಲ್ಲಿ ಕುಳಿತಿದ್ದು ನನಗೆ ಸಂಕಟವಾಯಿತು.

ಅಂದು ರಾತ್ರಿ ಊಟವಾದ ಮೇಲೆ ಅವರ 2013ರ ಬಿಳಿ ಡಿಸೈರನ್ನು ನಾನೇ ಊರ ಹೊರಗಿನವರೆಗೆ ಓಡಿಸಿ ನೋಡಿದೆ. ಕಣ್ಣಿಗೆ ಯಾವ ತೊಂದರೆಯೂ ಇಲ್ಲದ ನನಗೇ ರಸ್ತೆಯ ಅಂಚು ಕಾಣಲಿಲ್ಲ. ಎದುರಿನಿಂದ ಲಾರಿಯೊಂದು ಬಂದಾಗ ಮುಂದಿನ ಗಾಜೆಲ್ಲ ಹಾಲು ಚೆಲ್ಲಿದ ಹಾಗಾಗಿ, ಎರಡು ಮೂರು ಕ್ಷಣ ಕುರುಡನಂತೆ ಸ್ಟೀರಿಂಗ್ ಹಿಡಿದು ಕುಳಿತಿದ್ದೆ. ಮನೆಗೆ ಬಂದು ಟಾರ್ಚ್ ಹಿಡಿದು ನೋಡಿದರೆ ಎರಡೂ ಹೆಡ್‌ಲೈಟುಗಳು ಹಳೆಯ ಸಾಸಿವೆ ಎಣ್ಣೆಯ ಬಣ್ಣಕ್ಕೆ ತಿರುಗಿದ್ದವು. ಕಾರು ತೊಳೆದು ಹೊಸದರಂತೆ ಮಾಡಿಕೊಡುತ್ತೇನೆ ಎಂದು ಬಹಳ ದಿನಗಳಿಂದ ಮಾವನಿಗೆ ಮಾತು ಕೊಟ್ಟಿದ್ದೆ. ಆ ಮಾತು ಉಳಿಸಿಕೊಳ್ಳಲು ಮುಂದಿನ ಭಾನುವಾರ ಬೆಳಗ್ಗೆಯೇ ದಾವಣಗೆರೆಯಿಂದ ಸಾಮಾನು ತುಂಬಿಕೊಂಡು ಬಂದೆ.

ಕಾರಿನ ಮೈ ತೊಳೆಯುವ ಕೆಲಸವನ್ನು ಮೊದಲು ಮುಗಿಸಿದೆ. ಈ ಭಾಗದ ಧೂಳಿನ ಬಗ್ಗೆ ಮಾತ್ರ ಒಂದು ಮಾತು ಹೇಳಲೇಬೇಕು. ಭೀಮಸಮುದ್ರದ ಸುತ್ತ ಕಬ್ಬಿಣದ ಅದಿರಿನ ಗಣಿಗಳಿರುವುದರಿಂದ ಇಲ್ಲಿನ ಕೆಂಧೂಳಿನಲ್ಲಿ ಅದಿರಿನ ಪುಡಿಯೂ ಬೆರೆತಿರುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ ಜಿಲ್ಲೆಯ ಗಣಿಗಾರಿಕೆಯನ್ನೂ ನಿಲ್ಲಿಸಿದಾಗ, ರಸ್ತೆ ಬದಿಯ ತೆಂಗಿನ ಗರಿಗಳು ಮತ್ತೆ ಹಸಿರಾಗಿ ಕಂಡದ್ದು ನನಗೆ ಇನ್ನೂ ನೆನಪಿದೆ. ಮಾವ ಪ್ರತಿದಿನ ಬೆಳಗ್ಗೆ ಹಳೆಯ ಪಂಚೆಯ ತುಂಡಿನಿಂದ ಈ ಧೂಳನ್ನು ಒಣಗಿದ್ದಂತೆಯೇ ಒರೆಸುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಒಣಬಟ್ಟೆಯ ಅಡಿಯಲ್ಲಿ ಆ ಕಣಗಳು ಉಪ್ಪುಕಾಗದದ ಕೆಲಸ ಮಾಡುತ್ತವೆ. ಬಾನೆಟ್ಟಿನ ಮೇಲೆ ಬಿಸಿಲು ಬಿದ್ದಾಗ ಜೇಡರ ಬಲೆಯಂಥ ಗೀರುಗಳು ಕಾಣುವುದು ಇದೇ ಕಾರಣಕ್ಕೆ. ಆದ್ದರಿಂದ ಮೊದಲು ಬರಿಯ ನೀರು ಸುರಿದು ಧೂಳನ್ನು ಇಳಿಸಿ, ಆಮೇಲೆ ಒಂದು ಬಕೆಟ್ಟಿನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಕೈಗವಸು ಜಾಲಿಸಲು ಬರಿಯ ನೀರು ಇಟ್ಟುಕೊಂಡು, ಮೇಲಿನಿಂದ ಕೆಳಕ್ಕೆ ತೊಳೆದೆ. ಪೈಪು ಹಚ್ಚಲಿಲ್ಲ. ನೀರಿನ ಬೆಲೆ ಗೊತ್ತಿರುವ ಜಿಲ್ಲೆಯಿದು, ಎಪ್ಪತ್ತು ಲೀಟರಿನೊಳಗೆ ಕೆಲಸ ಮುಗಿಯಿತು. ಪೇಂಟಿಗೆ ಕಚ್ಚಿಕೊಂಡ ಕಣಗಳನ್ನು ಎತ್ತಿ ತೆಗೆಯುವ, ಜೇಡಿಮಣ್ಣಿನಂಥ ಕ್ಲೇಯಿಂದ ಮೈಯನ್ನು ಉಜ್ಜಿದಾಗ ಬೂದು ಬಣ್ಣದ ಆ ಮುದ್ದೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಮೇಲೆ ಒಂದು ಪದರ ವ್ಯಾಕ್ಸ್ ಹಚ್ಚಿ ಬಿಟ್ಟೆ. ಮೆಷಿನ್ ಪಾಲಿಶ್ ಮಾಡಲಿಲ್ಲ. ಹನ್ನೆರಡು ವರ್ಷ ದಾಟಿದ ಪೇಂಟು ಎಲ್ಲೆಲ್ಲಿ ಎಷ್ಟು ತೆಳುವಾಗಿದೆ ಎಂಬುದನ್ನು ಅಳೆಯದೆ ಅದನ್ನು ಇನ್ನಷ್ಟು ಸವೆಸುವುದು ನನ್ನ ಮಟ್ಟಿಗೆ ತಪ್ಪು.

ದಿನದ ಬಹುಪಾಲು ಹೋದದ್ದು ಹೆಡ್‌ಲೈಟಿಗೆ. ಈಗಿನ ಕಾರುಗಳ ಹೆಡ್‌ಲೈಟಿನ ಹೊರಮೈ ಗಾಜಿನದಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನದು. ಅದು ಕಲ್ಲೇಟಿಗೆ ಗಾಜಿನಂತೆ ಒಡೆಯುವುದಿಲ್ಲ, ಹಗುರವೂ ಹೌದು, ಆದರೆ ಬಿಸಿಲಿನ ಅತಿನೇರಳೆ ಕಿರಣವನ್ನು ತಾಳುವುದಿಲ್ಲ. ಅದಕ್ಕಾಗಿ ಕಾರ್ಖಾನೆಯಲ್ಲಿಯೇ ಅದರ ಮೇಲೆ ಒಂದು ಗಟ್ಟಿ ರಕ್ಷಣಾ ಪದರ ಹಚ್ಚಿರುತ್ತಾರೆ. ವರ್ಷಗಟ್ಟಲೆ ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಆ ಪದರ ಬಿರಿದು, ಅಡಿಯ ಪ್ಲಾಸ್ಟಿಕ್ಕು ಹಳದಿಗಟ್ಟುತ್ತದೆ. ಒಳಗಿನ ಬಲ್ಬು ಎಷ್ಟೇ ಚೆನ್ನಾಗಿ ಉರಿದರೂ ಬೆಳಕು ಈ ಹಳದಿ ಪೊರೆಯಲ್ಲಿ ಚದುರಿ, ರಸ್ತೆಯ ಮೇಲೆ ಬೀಳಬೇಕಾದದ್ದು ಅಕ್ಕಪಕ್ಕದ ಗಾಳಿಯಲ್ಲಿ ಕರಗಿಹೋಗುತ್ತದೆ.

ಸುತ್ತಲಿನ ಪೇಂಟಿಗೆ ತಾಗದ ಹಾಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಸಾವಿರ ನಂಬರಿನ ವಾಟರ್ ಪೇಪರನ್ನು, ಅಂದರೆ ಒದ್ದೆಯಾಗಿ ಬಳಸುವ ಉಪ್ಪುಕಾಗದವನ್ನು, ನೀರಿನಲ್ಲಿ ನೆನೆಸಿ ಉಜ್ಜಲು ಶುರುಮಾಡಿದೆ. ನಂಬರು ಹೆಚ್ಚಿದಷ್ಟೂ ಕಾಗದ ನುಣುಪು. ಮೊದಲ ಹತ್ತು ನಿಮಿಷ ಮಜ್ಜಿಗೆಗೆ ಅರಿಶಿನ ಬೆರೆಸಿದಂಥ ನೀರು ಬಂಪರಿನ ಮೇಲೆ ಇಳಿಯುತ್ತಿತ್ತು. ಆ ನೀರು ಹಳದಿ ಹೋಗಿ ಬರಿಯ ಬೆಳ್ಳಗಾಗುವವರೆಗೆ ಮುಂದಿನ ನಂಬರಿಗೆ ಹೋಗಬಾರದು, ಹಳೆಯ ಪದರ ಪೂರ್ತಿ ಹೋಗಿದೆ ಎಂಬುದಕ್ಕೆ ಅದೇ ಗುರುತು. ಸಾವಿರದ ನಂಬರನ್ನು ಅಡ್ಡಡ್ಡ ಉಜ್ಜಿದರೆ ಸಾವಿರದೈನೂರನ್ನು ಉದ್ದುದ್ದ, ಎರಡು ಸಾವಿರವನ್ನು ಮತ್ತೆ ಅಡ್ಡ ಉಜ್ಜಬೇಕು. ಹೀಗೆ ದಿಕ್ಕು ಬದಲಿಸಿದರೆ ಹಿಂದಿನ ಕಾಗದದ ಗೀರು ಉಳಿದಿದೆಯೋ ಇಲ್ಲವೋ ಎಂಬುದು ಕಣ್ಣಿಗೇ ತಿಳಿಯುತ್ತದೆ. ಈ ಹಂತದಲ್ಲಿ ಹೆಡ್‌ಲೈಟು ಮೊದಲಿಗಿಂತ ಕೆಟ್ಟದಾಗಿ, ಸುಣ್ಣ ಬಳಿದ ಹಾಗೆ ಕಾಣುತ್ತದೆ. ಮಂಡಕ್ಕಿ ಮೆಣಸಿನಕಾಯಿಯ ತಟ್ಟೆ ಹಿಡಿದು ಬಂದ ಮಾವ ಅದನ್ನು ನೋಡಿ ನಿಂತೇಬಿಟ್ಟರು. "ಅಲ್ಲ ಅಳಿಯಾ, ಇದ್ದ ಬೆಳಕೂ ಹೋತಲ್ಲಪ್ಪಾ" ಎಂದರು. "ಅರ್ಧ ಗಂಟೆ ತಡೀರಿ ಮಾವ" ಎಂದಷ್ಟೇ ಹೇಳಿದೆ. ಮೂರು ಸಾವಿರದ ನಂಬರಾದ ಮೇಲೆ ಕಾಂಪೌಂಡ್ ಎಂಬ ಪಾಲಿಶ್ ಪೇಸ್ಟು ಹಚ್ಚಿ ಉಜ್ಜುತ್ತ ಹೋದಂತೆ ಆ ಸುಣ್ಣದ ನಡುವೆ ಒಂದು ರೂಪಾಯಿ ಅಗಲದಷ್ಟು ಜಾಗ ತಿಳಿಯಾಗಿ, ಅದರೊಳಗೆ ಬಲ್ಬಿನ ತಂತಿ ಕಂಡಿತು. ಆ ತಿಳಿ ಮೆಲ್ಲಗೆ ಹರಡಿ ಇಡೀ ಹೆಡ್‌ಲೈಟನ್ನು ತುಂಬಿಕೊಳ್ಳುವುದನ್ನು ಮಾವ ತಟ್ಟೆ ಕೆಳಗಿಡದೆ ನೋಡಿದರು.

ಅನೇಕರು ಇಲ್ಲಿಗೇ ನಿಲ್ಲಿಸುತ್ತಾರೆ, ಅದು ಸರಿಯಲ್ಲ. ಹಳೆಯ ರಕ್ಷಣಾ ಪದರವನ್ನು ತೆಗೆದ ಮೇಲೆ ಹೊಸದನ್ನು ಹಚ್ಚದಿದ್ದರೆ ಕೆಲವೇ ತಿಂಗಳಲ್ಲಿ ಹಳದಿ ಮರಳಿ ಬರುತ್ತದೆ. ಟೂತ್‌ಪೇಸ್ಟಿನಿಂದ ಉಜ್ಜಿದ ಹೆಡ್‌ಲೈಟು ನಾಲ್ಕು ದಿನ ಹೊಳೆದು ಮತ್ತೆ ಮಂಕಾಗುವುದೂ ಇದೇ ಕಾರಣಕ್ಕೆ. ಸ್ಪಿರಿಟ್ಟಿನಿಂದ ಜಿಡ್ಡು ಒರೆಸಿ, ಅತಿನೇರಳೆ ಕಿರಣ ತಡೆಯುವ ಲೇಪನವನ್ನು ಒಂದೇ ಎಳೆಯಲ್ಲಿ ಹಚ್ಚಿ, ತಗಡಿನ ಶೆಡ್ಡಿನೊಳಗೆ ಧೂಳು ಬೀಳದ ಹಾಗೆ ಒಣಗಲು ಬಿಟ್ಟೆ.

ಅದು ಒಣಗುವಷ್ಟರಲ್ಲಿ ಮುಂದಿನ ಗಾಜನ್ನು ಕೈಗೆತ್ತಿಕೊಂಡೆ. ಲಾರಿ ಬಂದಾಗ ಹಾಲು ಚೆಲ್ಲಿದಂತಾದದ್ದು ಗಾಜಿನ ಎರಡೂ ಬದಿಯ ದೋಷ. ಹೊರಬದಿಯಲ್ಲಿ ಬೋರಿನ ನೀರಿನ ಉಪ್ಪು, ನಮ್ಮ ಮನೆಗಳ ಗೀಜರಿನ ಕಾಯಿಲ್ ಮೇಲೆ ಕೂರುವಂಥದ್ದೇ ಬಿಳಿ ಕಿಟ್ಟ, ವೈಪರ್ ತಿರುಗುವ ಕಮಾನಿನ ಉದ್ದಕ್ಕೂ ಕಟ್ಟಿತ್ತು. ಸುಣ್ಣದಂಶದ ಆ ಕಿಟ್ಟ ಹುಳಿಗೆ ಕರಗುತ್ತದೆ. ಒಂದು ಲೀಟರ್ ನೀರಿಗೆ ಎರಡು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ, ಬಟ್ಟೆಯಲ್ಲಿ ನೆನೆಸಿ, ಗಾಜಿನ ಮೇಲೆ ಐದು ನಿಮಿಷ ಹೊದಿಸಿಟ್ಟು ಒರೆಸಿದೆ. ಮೂರು ಸಲಕ್ಕೆ ಹೋಯಿತು. ಮತ್ತೆ ಬೋರಿನ ನೀರನ್ನೇ ಸುರಿದರೆ ಮಾಡಿದ್ದೆಲ್ಲ ವ್ಯರ್ಥವಾಗುತ್ತಿದ್ದುದರಿಂದ ಕೊನೆಯ ಜಾಲಿಸುವಿಕೆಗೆ ಮಾತ್ರ ಊರಿನ ಶುದ್ಧ ನೀರಿನ ಘಟಕದಿಂದ ತಂದ ಅರ್ಧ ಕ್ಯಾನ್ ನೀರು ಬಳಸಿದೆ. ಒಳಬದಿಯಲ್ಲಿದ್ದದ್ದು ಜಿಡ್ಡು. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕು ಬಿಸಿಲಿಗೆ ಬಿಡುವ ಆವಿಯ ಜೊತೆಗೆ, ಮಾವ ದಿನವೂ ಕಾರಿನೊಳಗೆ ಹಚ್ಚುವ ಊದಿನಕಡ್ಡಿಯ ಹೊಗೆಯೂ ವರ್ಷಗಟ್ಟಲೆ ಅಲ್ಲಿ ಕೂತಿತ್ತು. ಹಗಲಿನಲ್ಲಿ ಅದು ಕಾಣುವುದೇ ಇಲ್ಲ, ರಾತ್ರಿ ಎದುರಿನ ಬೆಳಕು ಬಿದ್ದಾಗಲೇ ಅದರ ಉಪದ್ರವ. ಒರೆಸಿದ ಬಿಳಿ ಬಟ್ಟೆ ಕಾಫಿ ಬಣ್ಣಕ್ಕೆ ತಿರುಗಿತು.

ಡ್ಯಾಶ್‌ಬೋರ್ಡಿನ ನಡುವೆ ಆಯುಧಪೂಜೆಯ ಕುಂಕುಮ ಇನ್ನೂ ಅಂಟಿಕೊಂಡಿತ್ತು. ಬಟ್ಟೆ ಅತ್ತ ಹೋಗುತ್ತಿದ್ದಂತೆ ಅತ್ತೆ ಬಾಗಿಲಿನಿಂದಲೇ, "ಅದೊಂದು ಇರ್ಲಿ ಬಿಡಪ್ಪಾ" ಎಂದರು. ಅದರ ಸುತ್ತ ಒರೆಸಿ ಬಿಟ್ಟೆ. ಡಿಕ್ಕಿಯ ಕಾರ್ಪೆಟ್ಟಿನ ಮೇಲಿದ್ದ ಅಡಿಕೆ ಚೊಗರಿನ ಕಲೆ ಮಾತ್ರ ನನ್ನಿಂದ ಪೂರ್ತಿ ಹೋಗಲಿಲ್ಲ. ಅಡಿಕೆ ಬೇಯಿಸಿದ ಆ ಕೆಂಪು ರಸ ಬಟ್ಟೆಗೆ ಬಣ್ಣ ಕೊಡುವಂಥದ್ದು, ಒಮ್ಮೆ ನಾರಿಗೆ ಇಳಿದರೆ ತಿಳಿಯಾಗುತ್ತದೆಯೇ ಹೊರತು ಬಿಡುವುದಿಲ್ಲ.

ಕೊನೆಯಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ಸ್ಟೀರಿಂಗಿನ ಪಕ್ಕದಲ್ಲಿ ಹೆಡ್‌ಲೈಟಿನ ಬೆಳಕನ್ನು ಮೇಲೆ ಕೆಳಗೆ ಮಾಡುವ ಸಣ್ಣ ತಿರುಗಣೆ ಇರುತ್ತದೆ. ಡಿಕ್ಕಿಯಲ್ಲಿ ಭಾರ ತುಂಬಿದಾಗ ಕಾರಿನ ಮೂತಿ ಮೇಲಕ್ಕೆದ್ದು ಬೆಳಕು ಎದುರಿನವರ ಕಣ್ಣಿಗೆ ಹೊಡೆಯುವುದರಿಂದ, ಅದನ್ನು ತಿರುಗಿಸಿ ಬೆಳಕನ್ನು ತಗ್ಗಿಸಬೇಕು. ಮಾವನ ಕಾರಿನಲ್ಲಿ ಅದು ಮೂರರ ಮೇಲೆ ನಿಂತಿತ್ತು. ಎಂದೋ ಅಡಿಕೆ ಮೂಟೆ ಹಾಕಿದಾಗ ತಿರುಗಿಸಿದ್ದನ್ನು ಆಮೇಲೆ ಯಾರೂ ಸೊನ್ನೆಗೆ ತಂದಿರಲಿಲ್ಲ. ಅಷ್ಟು ದಿನವೂ ಬೆಳಕು ಕಾರಿನ ಮುಂದೆಯೇ ನೆಲಕ್ಕೆ ಬೀಳುತ್ತಿತ್ತು.

ರಾತ್ರಿ ಎಂಟಕ್ಕೆ ಕೀಲಿಯನ್ನು ಮಾವನ ಕೈಗೇ ಕೊಟ್ಟು ನಾನು ಪಕ್ಕದಲ್ಲಿ ಕುಳಿತೆ. ಊರು ದಾಟಿದ ಮೇಲೆ ಅವರು ಬಹಳ ಹೊತ್ತು ಮಾತಾಡಲಿಲ್ಲ. ರಸ್ತೆ ಬದಿಯ ಹುಣಸೆ ಮರಗಳ ಬುಡಕ್ಕೆ ಬಳಿದ ಬಿಳಿ ಪಟ್ಟಿಗಳು ಒಂದರ ಹಿಂದೊಂದು ದೂರದವರೆಗೆ ಕಾಣುತ್ತಿದ್ದವು. ಎದುರಿಗೆ ಲಾರಿ ಬಂದಾಗ ಅವರು ತಾವಾಗಿಯೇ ಡಿಮ್ ಮಾಡಿ, ವೇಗ ಇಳಿಸದೆ ದಾಟಿಸಿದರು. "ಕಣ್ಣಂತೂ ಒಂದ್ಸಲ ತೋರಿಸ್ರಿ ಮಾವ" ಎಂದೆ. ಕಾರಿನ ದೋಷ ಸಿಕ್ಕಿತೆಂದು ಕಣ್ಣಿನ ದೋಷವೇ ಇಲ್ಲವೆಂದುಕೊಳ್ಳುವುದು ನನಗೆ ಒಪ್ಪಿಗೆಯಾಗಲಿಲ್ಲ.

ಅವರು ತೋರಿಸಿದರು. ಎಡಗಣ್ಣಿನಲ್ಲಿ ಪೊರೆ ಈಗಷ್ಟೇ ಶುರುವಾಗಿದೆ, ಸದ್ಯಕ್ಕೆ ಕನ್ನಡಕ ಸಾಕು, ಆರು ತಿಂಗಳು ಬಿಟ್ಟು ಮತ್ತೆ ಬನ್ನಿ ಎಂದು ವೈದ್ಯರು ಹೇಳಿದ್ದಾರೆ. ಈ ಸುದ್ದಿಯನ್ನು ಅತ್ತೆ ಫೋನಿನಲ್ಲಿ ತಿಳಿಸಿದಾಗ ರಾತ್ರಿ ಒಂಬತ್ತಾಗಿತ್ತು. ಮಾವ ಎಲ್ಲಿ ಎಂದು ಕೇಳಿದೆ. ದುರ್ಗಕ್ಕೆ ಹೋಗಿದ್ದಾರೆ, ಇನ್ನೇನು ಬರುತ್ತಾರೆ ಎಂದರು.