ಅಕ್ಕನ ಬೀರುವಿನಲ್ಲಿರುವ ಹಾರ್ಡ್ ಡಿಸ್ಕ್

ಅಕ್ಕನ ಮಗನಿಗೆ ಈಗ ಒಂಬತ್ತು ವರ್ಷ. ಜಗಳೂರಿನ ಮನೆಯ ಅಂಗಳದಲ್ಲಿ ಓಡಾಡಿಕೊಂಡಿದ್ದ ಮಗು ಮೂರು ದಾಟಿದ ಮೇಲೆ ಎಡವತೊಡಗಿ, ಐದು ತುಂಬುವಷ್ಟರಲ್ಲಿ ನಡೆಯುವುದನ್ನೇ ಬಿಟ್ಟಿತು. ದಾವಣಗೆರೆಯಲ್ಲೂ ಆಮೇಲೆ ಬೆಂಗಳೂರಿನಲ್ಲೂ ವೈದ್ಯರು ಶ್ರದ್ಧೆಯಿಂದಲೇ ನೋಡಿದರು. ಕಾಯಿಲೆಯ ಹೆಸರು ಮಾತ್ರ ಸಿಗಲಿಲ್ಲ.

ರಕ್ತ ತೆಗೆಯುವ ಮೊದಲು ವಂಶಪಾರಂಪರ್ಯ ಕಾಯಿಲೆಗಳ ಬಗ್ಗೆ ಸಲಹೆ ಕೊಡುವ ಬೆಂಗಳೂರಿನ ತಳಿ ಸಮಾಲೋಚಕರು ಬಿಳಿ ಹಾಳೆಯೊಂದರ ಮೇಲೆ ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಎಂದು ನಮ್ಮ ಮನೆಯ ಮೂರು ತಲೆಮಾರನ್ನು ಬರೆಯತೊಡಗಿದರು. ಅಕ್ಕ ಮದುವೆಯಾಗಿರುವುದು ನಮ್ಮ ಸೋದರಮಾವನನ್ನೇ ಆದ್ದರಿಂದ ಅವರಿಬ್ಬರ ನಡುವೆ ಜೋಡಿಗೆರೆ ಬಿತ್ತು. ಅಜ್ಜ ಅಜ್ಜಿಯದೂ ಸಂಬಂಧದೊಳಗಿನ ಮದುವೆಯೇ, ಅಲ್ಲೂ ಜೋಡಿಗೆರೆ. ಚಿಕ್ಕಂದಿನಲ್ಲೇ ತೀರಿಕೊಂಡವರು ಇದ್ದಾರೆಯೇ ಎಂದು ಕೇಳಿದಾಗ ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, "ನನ್ನ ಎರಡನೇ ಕೂಸು. ಬಾಲಗ್ರಹ ಅಂದ್ರು. ಅದೂ ಹಿಂಗೇ ನಡೆಯೋದು ಬಿಟ್ಟಿತ್ತವ್ವ" ಎಂದರು. ಅವ್ವನೂ ಕಂಡಿರದ ಆ ಅಣ್ಣನಿಗೆ ಹಾಳೆಯಲ್ಲಿ ಒಂದು ಚೌಕ, ಅದರ ಮೇಲೊಂದು ಓರೆಗೆರೆ.

ಸೋದರಮಾವ ಮತ್ತು ಸೋದರಸೊಸೆ ಸರಾಸರಿ ನಾಲ್ಕರಲ್ಲಿ ಒಂದು ಪಾಲು ವಂಶವಾಹಿಗಳನ್ನು ಒಂದೇ ಮೂಲದಿಂದ ಪಡೆದಿರುತ್ತಾರೆ. ಇಬ್ಬರಲ್ಲೂ ಒಂದೇ ದೋಷ ಸದ್ದಿಲ್ಲದೆ ಅಡಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇಕಡಾ 25. ಇದು ಯಾರ ಪಾಪದ ಫಲವೂ ಅಲ್ಲವೆಂದು ಅಕ್ಕನಿಗೆ ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಮಾಡಿಸಿದ್ದು ಎಕ್ಸೋಮ್ ಪರೀಕ್ಷೆ. ನಮ್ಮಲ್ಲಿರುವ ಸುಮಾರು 20,000 ವಂಶವಾಹಿಗಳಲ್ಲಿ ಪ್ರೋಟೀನು ತಯಾರಿಸುವ ಭಾಗವನ್ನಷ್ಟೇ ಅದು ಓದುತ್ತದೆ. ಇಡೀ ಜೀನೋಮಿನಲ್ಲಿ, ಅಂದರೆ ನಮ್ಮ ಒಟ್ಟು ಡಿಎನ್‌ಎಯಲ್ಲಿ, ಆ ಭಾಗ ಶೇಕಡಾ 2ಕ್ಕೂ ಕಡಿಮೆಯಾದರೂ, ರೋಗ ತರುವುದಾಗಿ ಈವರೆಗೆ ತಿಳಿದಿರುವ ದೋಷಗಳಲ್ಲಿ ಹೆಚ್ಚಿನವು ಇರುವುದು ಅಲ್ಲಿಯೇ. ವರದಿಯಲ್ಲಿ ವಂಶವಾಹಿಯೊಂದರ ಒಂದು ಬದಲಾವಣೆಯನ್ನು ಗುರುತಿಸಿ, ಅದರ ಮಹತ್ವ ಅನಿಶ್ಚಿತ, ಅಂದರೆ ಕಾಯಿಲೆಗೆ ಅದೇ ಕಾರಣವೋ ಅಲ್ಲವೋ ಹೇಳಲಾಗದು ಎಂದು ಬರೆದಿದ್ದರು. ಇಂಥ ಅಪರೂಪದ ಕಾಯಿಲೆ ತರುವ ಬದಲಾವಣೆ ಜನರಲ್ಲಿ ವಿರಳವಾಗಿರಬೇಕು; ಅದು ನಿಜಕ್ಕೂ ವಿರಳವೇ ಎಂದು ಹೇಳಲು ಆರೋಗ್ಯವಂತರ ದತ್ತಾಂಶ ಬೇಕು. ಜಗತ್ತಿನ ಸಂಗ್ರಹಗಳಲ್ಲಿ ಯುರೋಪ್ ಮೂಲದವರೇ ಹೆಚ್ಚಾಗಿರುವುದರಿಂದ ನಮ್ಮವರಲ್ಲಿ ಸಾಮಾನ್ಯವಾದುದೂ ಅಲ್ಲಿ ಅಪರೂಪವೆಂದು ಕಾಣಬಹುದು. 10,000 ಭಾರತೀಯರ ಜೀನೋಮ್ ಓದಿದ ಜೀನೋಮ್ ಇಂಡಿಯಾ ಯೋಜನೆ ನನಗೆ ಮುಖ್ಯವೆನಿಸುವುದು ಇದಕ್ಕಾಗಿಯೇ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 2008ರಲ್ಲಿ ಹೆಸರಿಲ್ಲದ ಕಾಯಿಲೆಗಳಿಗೆಂದೇ ಒಂದು ಕಾರ್ಯಕ್ರಮ ಆರಂಭಿಸಿದವು. ಹೊಸ ವಂಶವಾಹಿ ದೋಷಗಳು ವರ್ಷವರ್ಷವೂ ಪತ್ತೆಯಾಗುತ್ತಿರುವುದರಿಂದ ಹಳೆಯ ದತ್ತಾಂಶವನ್ನೇ ಮತ್ತೆ ಪರಿಶೀಲಿಸಿದಾಗ ಕೆಲವರಿಗೆ ಉತ್ತರ ದೊರೆತಿದೆ. ಅದಕ್ಕೆ ಹೊಸದಾಗಿ ರಕ್ತ ಕೊಡಬೇಕಾಗಿಲ್ಲ. ಆದ್ದರಿಂದಲೇ ಅಕ್ಕ ವರದಿಯ ಜೊತೆಗೆ ಮೂಲ ದತ್ತಾಂಶವನ್ನೂ ಕೇಳಿ ಪಡೆದು, ಆ ಹಾರ್ಡ್ ಡಿಸ್ಕನ್ನು ಹೊಲದ ಪತ್ರಗಳ ಜೊತೆ ಬೀರುವಿನಲ್ಲಿ ಇಟ್ಟಿದ್ದಾಳೆ.

ವರದಿ ಬಂದು ಎರಡು ವರ್ಷವಾಯಿತು. ಮರುಪರಿಶೀಲನೆ ಕೋರಿ ಕಳೆದ ವಾರ ಬರೆದಿದ್ದೇವೆ. ಅಜ್ಜಿ ಆಮೇಲೆ ಅಡುಗೆಮನೆಯಲ್ಲಿ ಕೂತು ನೆನಪಿಸಿಕೊಂಡ ಇನ್ನೊಂದು ವಿವರವನ್ನೂ ಸೇರಿಸಿದ್ದೇವೆ: ಆ ಕೂಸಿನ ಕಣ್ಣುಗುಡ್ಡೆಗಳು, ನಮ್ಮ ಹುಡುಗನ ಹಾಗೆಯೇ, ಸದಾ ಅದುರುತ್ತಿದ್ದವು.